ಕುರ್ಚಿ ಕೊಟ್ಟೆವು, ಕಾಗದ ಕೊಡಲಿಲ್ಲ

ಗ್ರಾಮ ಪಂಚಾಯಿತಿ ಸದಸ್ಯರು, ಗ್ರಾಮಸಭೆ, ಜನ: ತಪ್ಪು ಕಲ್ಪನೆ ಮತ್ತು ವಾಸ್ತವ

ಕರ್ನಾಟಕದಲ್ಲಿ ಆರು ಸಾವಿರದ ಆಸುಪಾಸು ಗ್ರಾಮ ಪಂಚಾಯಿತಿಗಳಿವೆ, ಎಂಬತ್ತು ಸಾವಿರಕ್ಕೂ ಹೆಚ್ಚು ಸದಸ್ಯ ಸ್ಥಾನಗಳಿವೆ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ ಎಂಬುದು ಕಾಯ್ದೆಯ ಲೆಕ್ಕ. ಶಾಸಕರನ್ನು ಕಾಣಬೇಕಾದರೆ ಊರು ಬಿಟ್ಟು ಹೋಗಬೇಕು. ಪಂಚಾಯಿತಿ ಸದಸ್ಯರ ಮನೆ ಕೂಗಳತೆಯಲ್ಲಿರುತ್ತದೆ. ಇಷ್ಟು ಹತ್ತಿರದ ಪ್ರತಿನಿಧಿ ನಮಗೆ ಬೇರೆ ಯಾವ ಮಟ್ಟದಲ್ಲೂ ಇಲ್ಲ.

ಆದರೂ ಯಾವ ಊರಿಗೆ ಹೋದರೂ ಎರಡು ದೂರುಗಳು ಕಿವಿಗೆ ಬೀಳುತ್ತವೆ. ಸದಸ್ಯರು ಹೇಳುವುದು: 'ಎಷ್ಟು ಕರೆದರೂ ಗ್ರಾಮಸಭೆಗೆ ಜನ ಬರೋದಿಲ್ಲ ಸಾರ್.' ಜನ ಹೇಳುವುದು: 'ಹೋಗಿ ಏನು ಮಾಡೋದು, ಹೇಳಿದ್ದು ಯಾವುದೂ ಆಗೋದಿಲ್ಲ.' ಈ ಎರಡೂ ದೂರುಗಳ ಬೇರು ಒಂದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಭೆಗೆ ಮೊದಲು ಸದಸ್ಯರ ಕೈಗೆ ಬರಬೇಕಾದ ಮಾಹಿತಿ ಬರುವುದಿಲ್ಲ. ಸಭೆ ಮುಗಿದ ಮೇಲೆ ಜನರಿಗೆ ಸಿಗಬೇಕಾದ ಉತ್ತರ ಸಿಗುವುದಿಲ್ಲ. ಸದಸ್ಯರಿಗೆ ಬೆಂಬಲ ಕೊಡುವುದು, ಜನರನ್ನು ಒಳಗೊಳ್ಳುವುದು ಎಂದು ಇದನ್ನು ಎರಡು ಬೇರೆ ಕೆಲಸಗಳಾಗಿ ನೋಡುವುದರಿಂದಲೇ ಎರಡೂ ಕೆಡುತ್ತಿವೆ. ಇದರ ಸುತ್ತ ಬೆಳೆದಿರುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

'ಗ್ರಾಮಸಭೆ ಅಂದರೆ ಪಂಚಾಯಿತಿ ಮೆಂಬರುಗಳ ಮೀಟಿಂಗು'

ಅಲ್ಲ. ಇದು ಎಲ್ಲಕ್ಕಿಂತ ಹಳೆಯ, ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದ ತಪ್ಪು. 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿಯ ಪ್ರಕಾರ ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಸೇರಿ ಗ್ರಾಮಸಭೆ. ಮತ ಹಾಕುವ ಪ್ರತಿಯೊಬ್ಬರೂ ಅದರ ಸದಸ್ಯರು. ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯೂ ಅದೇ ವರ್ಷದ್ದು. ರಮೇಶ್ ಕುಮಾರ್ ಸಮಿತಿಯ ಶಿಫಾರಸಿನಂತೆ ಆದ ದೊಡ್ಡ ತಿದ್ದುಪಡಿಯ ನಂತರ ಕಾಯ್ದೆಯ ಹೆಸರಿಗೇ 'ಗ್ರಾಮ ಸ್ವರಾಜ್' ಸೇರಿಕೊಂಡಿತು.

ಚುನಾಯಿತ ಸದಸ್ಯರು ತಿಂಗಳಿಗೊಮ್ಮೆ ಸೇರುವುದು ಸಾಮಾನ್ಯ ಸಭೆ. ವಾರ್ಡಿನ ಮತದಾರರು ಸೇರುವುದು ವಾರ್ಡ್ ಸಭೆ. ಇಡೀ ಪಂಚಾಯಿತಿಯ ಮತದಾರರು ಸೇರುವುದು ಗ್ರಾಮಸಭೆ. ಇದು ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಅದಕ್ಕೆ ಕೋರಂ ಕೂಡ ಇದೆ: ಒಟ್ಟು ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು. ಮನೆ ಹಂಚಿಕೆಯ ಫಲಾನುಭವಿಗಳನ್ನು ಆರಿಸುವುದು ಈ ಸಭೆಯ ಕೆಲಸ. ವರ್ಷದ ಕ್ರಿಯಾ ಯೋಜನೆ ಹುಟ್ಟಬೇಕಾದದ್ದೂ ಇಲ್ಲಿಯೇ.

ಹಾಗಾಗಿ ಗ್ರಾಮಸಭೆಗೆ ಬರುವ ಕೂಲಿಕಾರ ಅಲ್ಲಿ ಅರ್ಜಿದಾರನಲ್ಲ, ಸಭೆಯ ಸದಸ್ಯ. ವೇದಿಕೆ ಮೇಲೆ ಕೂತವರು ಅವನಿಗೆ ವರದಿ ಒಪ್ಪಿಸಬೇಕಾದವರು. ಈ ಒಂದು ತಿಳುವಳಿಕೆ ಗಟ್ಟಿಯಾದರೆ ಸಭೆಯ ಮಾತಿನ ಧಾಟಿಯೇ ಬದಲಾಗುತ್ತದೆ.

'ಓದಿದವರನ್ನು ಆರಿಸಿದರೆ ಪಂಚಾಯಿತಿ ತಾನಾಗೇ ಸರಿಹೋಗುತ್ತೆ'

ಈ ಮಾತನ್ನು ನಂಬಿ ಕಾಯ್ದೆ ಮಾಡಿದ ರಾಜ್ಯಗಳೂ ಇವೆ. ರಾಜಸ್ಥಾನ 2014ರ ಕೊನೆಯಲ್ಲಿ, ಹರಿಯಾಣ 2015ರಲ್ಲಿ, ಪಂಚಾಯಿತಿ ಚುನಾವಣೆಗೆ ನಿಲ್ಲಲು ಶಾಲಾ ಶಿಕ್ಷಣವನ್ನು ಕಡ್ಡಾಯ ಮಾಡಿದವು. ಹರಿಯಾಣದ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 2015ರ ಡಿಸೆಂಬರಿನಲ್ಲಿ ಎತ್ತಿಹಿಡಿಯಿತು. ರಾಜಸ್ಥಾನ 2019ರಲ್ಲಿ ತನ್ನ ನಿಯಮವನ್ನು ತಾನೇ ಕೈಬಿಟ್ಟಿತು. ಕರ್ನಾಟಕ ಆ ದಾರಿ ಹಿಡಿಯಲಿಲ್ಲ. ಅದು ಒಳ್ಳೆಯದೇ ಆಯಿತು. ಶಾಲೆ ತಪ್ಪಿಸಿಕೊಂಡವರಲ್ಲಿ ಹೆಚ್ಚಿನವರು ಬಡವರು, ದಲಿತರು, ವಯಸ್ಸಾದ ಹೆಂಗಸರು. ಅವರಿಗೆ ಶಾಲೆ ಕೊಡದ ವ್ಯವಸ್ಥೆಯೇ ಆ ಕಾರಣ ಹೇಳಿ ಅವರ ಕುರ್ಚಿಯನ್ನೂ ಕಸಿದರೆ ಅದು ಎರಡನೇ ಅನ್ಯಾಯ.

ಸಮಸ್ಯೆ ಎಲ್ಲಿದೆ ಎಂದು ತಿಳಿಯಲು ಸಾಮಾನ್ಯ ಸಭೆಯ ತಿಳುವಳಿಕೆ ಪತ್ರವೊಂದನ್ನು ಕೈಯಲ್ಲಿ ಹಿಡಿದು ನೋಡಿ. ಹೆಚ್ಚಿನ ಕಡೆ ಅದು ಒಂದೇ ಹಾಳೆ. ಮೇಲೆ ಪಂಚಾಯಿತಿಯ ಹೆಸರು, ದಿನಾಂಕ, ಬೆಳಿಗ್ಗೆ 11 ಗಂಟೆ. ಕೆಳಗೆ ವಿಷಯಗಳು. ಒಂದು, ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು. ಎರಡು, ಜಮಾ ಖರ್ಚು ಓದಿ ಅಂಗೀಕರಿಸುವುದು. ಮೂರು, ಬಂದಿರುವ ಅರ್ಜಿಗಳ ಬಗ್ಗೆ. ನಾಲ್ಕು, ಸರ್ಕಾರದ ಸುತ್ತೋಲೆಗಳ ಬಗ್ಗೆ. ಐದು, ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು. ಕೊನೆಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಸಹಿ. ಇಷ್ಟೇ.

ಎರಡನೇ ಸಾಲನ್ನು ಇನ್ನೊಮ್ಮೆ ಓದಿ. 'ಜಮಾ ಖರ್ಚು ಓದಿ ಅಂಗೀಕರಿಸುವುದು' ಎಂಬ ನಾಲ್ಕು ಪದಗಳ ಒಳಗೆ ಆ ತಿಂಗಳ ಲಕ್ಷಾಂತರ ರೂಪಾಯಿ ಇದೆ. ಯಾವ ಬೀದಿಯ ಪೈಪು, ಯಾವ ಬೋರ್‌ವೆಲ್ಲಿನ ಮೋಟಾರು ರಿಪೇರಿ, ಯಾವ ಅಂಗಡಿಯ ಬೀದಿದೀಪ, ಎಷ್ಟು ಬಿಲ್ಲು ಎಂಬ ಪಟ್ಟಿ ಹಾಳೆಯ ಜೊತೆ ಇರುವುದಿಲ್ಲ. ಸಭೆಯಲ್ಲಿ ಯಾರೋ ಒಬ್ಬರು ಲೆಡ್ಜರಿನಿಂದ ಅಂಕಿಗಳನ್ನು ಗಡಗಡ ಓದುತ್ತಾರೆ. ಕೇಳಿದವರು ತಲೆಯಾಡಿಸುತ್ತಾರೆ. ಹಾಜರಾತಿ ಪುಸ್ತಕಕ್ಕೆ ಮೊದಲೇ ಸಹಿ ಬಿದ್ದಿರುತ್ತದೆ. ನಡಾವಳಿ ಆಮೇಲೆ ಬರೆದಾಗುತ್ತದೆ. ಹೀಗೆ ನಡೆದ ಸಭೆಯಲ್ಲಿ ಎಂ.ಎ. ಮಾಡಿದ ಸದಸ್ಯನೂ ಏಳನೇ ಕ್ಲಾಸಿನ ಸದಸ್ಯೆಯೂ ಒಂದೇ. ಇಬ್ಬರಿಗೂ ತಾವು ಏನನ್ನು ಒಪ್ಪಿದೆವು ಎಂಬುದು ಗೊತ್ತಿರುವುದಿಲ್ಲ.

ಅದೇ ಬಿಲ್ಲಿನ ಪಟ್ಟಿ ಏಳು ದಿನ ಮೊದಲು ಮನೆಗೆ ಬಂದಿದ್ದರೆ? ಓದಲು ಬಾರದ ಸದಸ್ಯೆ ಮಗಳಿಂದ ಓದಿಸಿಕೊಳ್ಳುತ್ತಾರೆ. 'ಶಾಲೆ ಹಿಂದಿನ ಬೀದಿಗೆ ಹೊಸ ಪೈಪು' ಎಂಬ ಸಾಲು ಬಂದಾಗ, ಆ ಬೀದಿಯಲ್ಲಿ ದಿನವೂ ನೀರು ಹಿಡಿಯುವ ಅವರಿಗೆ ಪೈಪು ಬದಲಾಗಿದೆಯೋ ಇಲ್ಲವೋ ಎಂದು ಹೇಳಲು ಯಾವ ಡಿಗ್ರಿಯೂ ಬೇಕಾಗುವುದಿಲ್ಲ. ಪಂಚಾಯಿತಿಗೆ ಬೇಕಾದ ಜ್ಞಾನದಲ್ಲಿ ಬಹುಪಾಲು ಊರಿನ ಜ್ಞಾನ. ಅದು ಸದಸ್ಯರಲ್ಲಿ ಧಾರಾಳವಾಗಿದೆ. ಆ ಜ್ಞಾನ ಕೆಲಸಕ್ಕೆ ಬರುವಂತೆ ಕಾಗದ ಕೈಸೇರಬೇಕು, ಅಷ್ಟೇ.

ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ವಿಷಯ ಸೂಚಿಯ ಜೊತೆ ಬಿಲ್ಲುಗಳ ಪಟ್ಟಿ, ಬಂದ ಅರ್ಜಿಗಳ ಪಟ್ಟಿ, ಸುತ್ತೋಲೆಯ ಸಾರಾಂಶ, ಎಲ್ಲ ಸೇರಿ ಮೂರು ನಾಲ್ಕು ಹಾಳೆ. 2019ರಲ್ಲಿ ಗ್ರಾಮೀಣ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದವು; ಈಗ ಅವನ್ನು ಅರಿವು ಕೇಂದ್ರ ಎಂದು ಕರೆಯುತ್ತೇವೆ. ಅಲ್ಲಿ ಒಂದು ಕಪಾಟು ಮೀಸಲಿಟ್ಟು ಆ ತಿಂಗಳ ಸಭೆಯ ಕಾಗದ ಪತ್ರಗಳ ಒಂದು ಪ್ರತಿ ಇಟ್ಟರೆ ಸದಸ್ಯರೂ ಓದಬಹುದು, ಪತ್ರಿಕೆ ಓದಲು ಬಂದ ಊರವರೂ ಓದಬಹುದು.

'ಗೆದ್ದ ಮೇಲೆ ಟ್ರೈನಿಂಗ್ ಕೊಟ್ಟಿದ್ದಾರಲ್ಲ, ಇನ್ನೇನು ಬೇಕು?'

ತರಬೇತಿಯ ವಿಷಯದಲ್ಲಿ ಕರ್ನಾಟಕಕ್ಕೆ ದೊಡ್ಡ ಪರಂಪರೆಯೇ ಇದೆ. ಅಬ್ದುಲ್ ನಜೀರ್ ಸಾಬ್ ಅವರು ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಕಾಲದಲ್ಲಿ ಬಂದ 1983ರ ಕಾಯ್ದೆ, 1987ರ ಮಂಡಲ ಪಂಚಾಯಿತಿ ಚುನಾವಣೆ, ಇವೆಲ್ಲ ದೇಶಕ್ಕೇ ದಾರಿ ತೋರಿದವು. ಊರೂರಿಗೆ ಬೋರ್‌ವೆಲ್ ತಂದ ಅವರನ್ನು ಜನ ಇಂದಿಗೂ ನೀರ್ ಸಾಬ್ ಎಂದೇ ನೆನೆಯುತ್ತಾರೆ. ಅವರ ಹೆಸರಿನಲ್ಲೇ ಮೈಸೂರಿನಲ್ಲಿರುವ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆ ಸದಸ್ಯರಿಗೆ ತರಬೇತಿ ಕೊಡುತ್ತದೆ. ಉಪಗ್ರಹದ ಮೂಲಕ ತಾಲ್ಲೂಕು ಕೇಂದ್ರಗಳಿಗೆ ಪಾಠ ತಲುಪಿಸುವ ಕೆಲಸವನ್ನೂ ಅದು ಮಾಡಿದೆ. ಈ ಕೆಲಸಕ್ಕೆ ನನ್ನ ಗೌರವವಿದೆ.

ಆದರೆ ಗೆದ್ದ ಹೊಸದರಲ್ಲಿ ಕೊಡುವ ಕೆಲವು ದಿನಗಳ ಪಾಠ ಐದು ವರ್ಷಕ್ಕೆ ಸಾಲುವುದಿಲ್ಲ. ಹೊಸ ಸದಸ್ಯರಿಗೆ ಆಗ ಏನು ಕೇಳಬೇಕು ಎಂಬುದೇ ತಿಳಿದಿರುವುದಿಲ್ಲ. ಪ್ರಶ್ನೆಗಳು ಹುಟ್ಟುವುದು ಎರಡನೇ ವರ್ಷದಲ್ಲಿ, ಮೊದಲ ಕ್ರಿಯಾ ಯೋಜನೆ ತಿರಸ್ಕೃತವಾಗಿ ವಾಪಸು ಬಂದಾಗ, ಲೆಕ್ಕ ಪರಿಶೋಧನೆಯ ಆಕ್ಷೇಪಣೆ ಕಣ್ಣಿಗೆ ಬಿದ್ದಾಗ. ಆ ಹೊತ್ತಿಗೆ ಫೋನೆತ್ತಿ ಮಾತಾಡಲು ಯಾರೂ ಇರುವುದಿಲ್ಲ.

ಇದರ ಬಗ್ಗೆ ನಮ್ಮ ರಾಜ್ಯದಲ್ಲೇ ನಡೆದ ಪ್ರಯೋಗವೊಂದಿದೆ. ಜನರ ಪಾಲ್ಗೊಳ್ಳುವಿಕೆಯಿಂದ ಪಂಚಾಯಿತಿ ಯೋಜನೆ ಮಾಡಿಸುವ ಎರಡು ವರ್ಷಗಳ ತರಬೇತಿ ಕಾರ್ಯಕ್ರಮವನ್ನು ಕೆಲವು ಪಂಚಾಯಿತಿಗಳಲ್ಲಿ ನಡೆಸಿ, ನಡೆಸದ ಪಂಚಾಯಿತಿಗಳ ಜೊತೆ ಹೋಲಿಸಿದರು. ಕೃಪಾ ಅನಂತಪುರ್, ಕಬೀರ್ ಮಲಿಕ್ ಮತ್ತು ವಿಜಯೇಂದ್ರ ರಾವ್ 2014ರಲ್ಲಿ ಅದರ ಅಧ್ಯಯನ ಪ್ರಕಟಿಸಿದರು. ಅಂಕಿಅಂಶದಲ್ಲಿ ಎರಡೂ ಕಡೆಯ ನಡುವೆ ಹೇಳಿಕೊಳ್ಳುವ ವ್ಯತ್ಯಾಸವೇ ಕಾಣಲಿಲ್ಲ. ಏಕೆ ಎಂದು ಊರುಗಳಲ್ಲಿ ಕೂತು ನೋಡಿದಾಗ ಕಾರಣಗಳು ಹೊರಬಂದವು. ಅನುವುಗಾರರ ಗುಣಮಟ್ಟ ಎಲ್ಲ ಕಡೆ ಒಂದೇ ಇರಲಿಲ್ಲ. ಮೇಲಿನ ಅಧಿಕಾರಿಗಳ ಬೆಂಬಲ ಸಿಗಲಿಲ್ಲ. ಊರೊಳಗಿನ ಮೇಲು ಕೀಳಿನ ವ್ಯವಸ್ಥೆಯನ್ನು ಎದುರಿಸುವುದು ಸುಲಭವಾಗಿರಲಿಲ್ಲ. ಸೋಲನ್ನು ಇಷ್ಟು ಪ್ರಾಮಾಣಿಕವಾಗಿ ಬಿಡಿಸಿಟ್ಟ ಅಧ್ಯಯನಗಳು ಅಪರೂಪ. ಇದನ್ನು ಓದಿದ ಮೇಲೆ ಪಾಠ ಹೇಳಿ ಹೋಗುವವರಿಗಿಂತ ಜೊತೆಗಿರುವವರು ಮುಖ್ಯ ಎಂಬುದು ನನಗೆ ಸ್ಪಷ್ಟವಾಯಿತು.

ಈ ವಿಷಯದಲ್ಲಿ ಪಕ್ಕದ ಕೇರಳದ ಕಡೆ ನೋಡಬೇಕು. 1996ರ ಆಗಸ್ಟಿನಲ್ಲಿ ಶುರುವಾದ ಅಲ್ಲಿನ ಜನಯೋಜನೆ ಅಭಿಯಾನದಲ್ಲಿ ರಾಜ್ಯ ಯೋಜನಾ ವೆಚ್ಚದ ಮೂರನೇ ಒಂದು ಭಾಗಕ್ಕೂ ಹೆಚ್ಚನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟರು. ಅದರ ಜೊತೆಗೇ ಪ್ರತಿ ಪಂಚಾಯಿತಿಯಲ್ಲಿ ವಿಷಯವಾರು ಕಾರ್ಯತಂಡಗಳನ್ನು ಕಟ್ಟಿದರು. ನಿವೃತ್ತ ಎಂಜಿನಿಯರು, ಮೇಷ್ಟ್ರು, ರೈತ, ಬ್ಯಾಂಕ್ ನೌಕರ, ಇವರೆಲ್ಲ ಸದಸ್ಯರ ಪಕ್ಕ ಕೂತು ಯೋಜನೆ ಬರೆದರು. ನಮ್ಮ ಊರುಗಳಲ್ಲೂ ಅಂಥವರು ಇದ್ದಾರೆ. ಅವರನ್ನು ಯಾರೂ ಕರೆದಿಲ್ಲ.

ಮೇಲಿನ ಆಸರೆಯೂ ಸಡಿಲವಾಗಿದೆ. 2016ರಲ್ಲಿ ಚುನಾಯಿತವಾದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು, ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಹೋಯಿತು. ಗ್ರಾಮ ಪಂಚಾಯಿತಿ ಸದಸ್ಯರ ಕಷ್ಟ ಮೇಲೆ ಮುಟ್ಟಿಸಬೇಕಾದ ಚುನಾಯಿತ ದನಿ ಮಧ್ಯದಲ್ಲೇ ಕಡಿದುಹೋಯಿತು. ಸದಸ್ಯರು ತಮ್ಮಷ್ಟಕ್ಕೆ ಕಟ್ಟಿಕೊಂಡಿರುವ ಒಕ್ಕೂಟಗಳೇ ಈಗ ಕೈಹಿಡಿಯುತ್ತಿವೆ. ಚುನಾಯಿತ ಮಹಿಳೆಯರ 'ಸುಗ್ರಾಮ' ಅಂಥ ಒಂದು ಪ್ರಯತ್ನ. ಹಳೆಯ ಸದಸ್ಯೆ ಹೊಸ ಸದಸ್ಯೆಗೆ ಹೇಳಿಕೊಡುವುದಕ್ಕಿಂತ ಒಳ್ಳೆಯ ತರಬೇತಿ ಇಲ್ಲ.

'ಹೆಣ್ಣು ಮೆಂಬರು ಹೆಸರಿಗೆ ಮಾತ್ರ, ಆಡಳಿತ ಗಂಡನದು'

ಕೆಲವು ಕಡೆ ಇದು ನಿಜ. ಆದರೆ ಮೀಸಲಾತಿಯೇ ದಂಡ ಎಂಬ ತೀರ್ಮಾನ ಸುಳ್ಳು. ಕರ್ನಾಟಕ 1987ರ ಚುನಾವಣೆಯಲ್ಲೇ ಮಹಿಳೆಯರಿಗೆ ನಾಲ್ಕನೇ ಒಂದು ಭಾಗ ಸ್ಥಾನ ಮೀಸಲಿಟ್ಟಿತ್ತು. 2010ರಿಂದ ಅರ್ಧದಷ್ಟು ಸ್ಥಾನಗಳು ಅವರವು. ಬಂಗಾಳದ ಬೀರ್‌ಭೂಮ್ ಮತ್ತು ರಾಜಸ್ಥಾನದ ಉದಯಪುರ ಜಿಲ್ಲೆಗಳಲ್ಲಿ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಮಾಡಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದ ಕಡೆ, ಊರಿನ ಹೆಂಗಸರು ಹೆಚ್ಚಾಗಿ ಕೇಳುವ ಕೆಲಸಗಳಿಗೆ, ಮುಖ್ಯವಾಗಿ ಕುಡಿಯುವ ನೀರಿಗೆ, ಹೆಚ್ಚು ಹಣ ಹೋಗಿತ್ತು. ಬಂಗಾಳದಲ್ಲಿ ಅಂಥ ಪಂಚಾಯಿತಿಗಳ ಸಭೆಗಳಿಗೆ ಬರುವ ಹೆಂಗಸರೂ ಹೆಚ್ಚಿದ್ದರು. ಹೆಸರಿಗೆ ಮಾತ್ರ ಕೂತವರಿಂದ ಇದು ಆಗುವುದಿಲ್ಲ.

ಗಂಡಂದಿರು ಎಲ್ಲಿಂದ ನುಗ್ಗುತ್ತಾರೆ ಎಂಬುದನ್ನೂ ನೋಡಬೇಕು. ಎಷ್ಟೋ ಕಚೇರಿಗಳ ಗೋಡೆಗೆ ಅಂಟಿಸಿದ ಸದಸ್ಯರ ಪಟ್ಟಿಯಲ್ಲಿ ಸದಸ್ಯೆಯ ಹೆಸರಿನ ಮುಂದಿರುವುದು ಗಂಡನ ಮೊಬೈಲ್ ನಂಬರು. ಸಭೆಯ ಸುದ್ದಿ ಅವನಿಗೆ ಹೋಗುತ್ತದೆ, ಪಿಡಿಒ ಮಾತಾಡುವುದು ಅವನ ಜೊತೆ, ಬಿಲ್ಲಿನ ವಿಚಾರ ಗೊತ್ತಿರುವುದೂ ಅವನಿಗೆ. ಬಾಗಿಲು ತೆರೆದಿಟ್ಟದ್ದು ಕಚೇರಿಯೇ. ಸದಸ್ಯೆಯ ಸ್ವಂತ ನಂಬರು ಪಟ್ಟಿಯಲ್ಲಿರಲಿ, ಕರೆ ನೇರ ಅವರಿಗೇ ಹೋಗಲಿ, ಸಭಾಂಗಣದೊಳಗೆ ಚುನಾಯಿತರಲ್ಲದವರಿಗೆ ಕುರ್ಚಿ ಬೇಡ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಅಧ್ಯಕ್ಷರು ಮತ್ತು ಪಿಡಿಒ ಗಟ್ಟಿಯಾಗಿ ನಿಂತರೆ ಸಾಕು.

'ಜನರಿಗೆ ಆಸಕ್ತಿಯೇ ಇಲ್ಲ'

ಇದು ಪಂಚಾಯಿತಿಗಳ ಬಾಯಲ್ಲಿ ಅತಿ ಹೆಚ್ಚು ಸಲ ಬರುವ ಮಾತು, ನಾನು ಎಳ್ಳಷ್ಟೂ ಒಪ್ಪದ ಮಾತು. ಮನೆಮುಂದಿನ ಚರಂಡಿಯ ಬಗ್ಗೆ, ಮೂರು ದಿನಕ್ಕೊಮ್ಮೆ ಬರುವ ನೀರಿನ ಬಗ್ಗೆ, ಸ್ಮಶಾನದ ಜಾಗದ ಬಗ್ಗೆ ಆಸಕ್ತಿ ಇಲ್ಲದ ಮನುಷ್ಯ ಯಾವ ಊರಿನಲ್ಲಿದ್ದಾನೆ? ಟೀ ಅಂಗಡಿಯಲ್ಲಿ, ಡೇರಿಯ ಮುಂದೆ ಬೆಳಿಗ್ಗೆ ನಡೆಯುವುದೆಲ್ಲ ಅದೇ ಚರ್ಚೆ. ಆ ಚರ್ಚೆ ಗ್ರಾಮಸಭೆಯ ಒಳಗೆ ಬರುತ್ತಿಲ್ಲ ಎಂದರೆ ಸಭೆ ನಡೆಸುವ ರೀತಿಯಲ್ಲೇ ಏನೋ ಅಡ್ಡಿ ಇದೆ.

ಮೊದಲ ಅಡ್ಡಿ ಸಮಯ. ವಾರದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಇಟ್ಟರೆ ಕೂಲಿಗೆ ಹೋಗುವವರು ಆ ದಿನದ ಸಂಪಾದನೆ ಬಿಟ್ಟು ಬರಬೇಕು. ಮಲೆನಾಡಿನಲ್ಲಿ ಮನೆಗಳು ಗುಡ್ಡಕ್ಕೊಂದು. ಮಳೆಗಾಲದ ಸಭೆಗೆ ಹತ್ತು ಕಿಲೋಮೀಟರ್ ನಡೆದು ಬಾ ಎನ್ನುವುದು ಬರಬೇಡ ಎಂದಂತೆಯೇ. ಕಾಯ್ದೆ ವಾರ್ಡ್ ಸಭೆಯನ್ನು, ತಿದ್ದುಪಡಿಯಲ್ಲಿ ಜನವಸತಿ ಸಭೆಯನ್ನು ತಂದದ್ದೇ ಇದಕ್ಕಾಗಿ. ಕೇರಿಯಲ್ಲಿ, ಸಂಜೆ ಆರಕ್ಕೆ, ಅಂಗನವಾಡಿಯ ಜಗಲಿಯಲ್ಲಿ ಸಭೆಯಾದರೆ ಬರುವವರೇ ಬೇರೆ. ಆದರೆ ಎಷ್ಟೋ ಕಡೆ ವಾರ್ಡ್ ಸಭೆ ನಡಾವಳಿ ಪುಸ್ತಕದಲ್ಲಿ ಮಾತ್ರ ನಡೆಯುತ್ತದೆ.

ಎರಡನೆಯದು ಸುದ್ದಿ. ನೋಟಿಸು ಪಂಚಾಯಿತಿ ಕಚೇರಿಯ ಬೋರ್ಡಿನ ಮೇಲಿರುತ್ತದೆ. ಅದನ್ನು ಓದುವವರು ಕಚೇರಿಗೆ ಬಂದವರು ಮಾತ್ರ. ಕಸದ ಗಾಡಿಯ ಮೈಕಿನಲ್ಲಿ ಮೂರು ದಿನ ಕೂಗಿಸಿದರೆ ಮನೆಮನೆಗೂ ಮುಟ್ಟುತ್ತದೆ.

ಮೂರನೆಯದು ಸಭೆಯ ಕ್ರಮ. ಶಾಮಿಯಾನದ ಕೆಳಗೆ ವೇದಿಕೆ, ವೇದಿಕೆಯ ಮೇಲೆ ಅಧಿಕಾರಿಗಳು, ಸದಸ್ಯರು. ಪ್ರಾರ್ಥನೆ, ಸ್ವಾಗತ, ಸನ್ಮಾನ. ಆಮೇಲೆ ಇಲಾಖೆಗೊಬ್ಬರಂತೆ ಮಾಹಿತಿ: ಕೃಷಿ, ತೋಟಗಾರಿಕೆ, ಪಶುಸಂಗೋಪನೆ, ಆರೋಗ್ಯ, ಮೆಸ್ಕಾಂ ಅಥವಾ ಹೆಸ್ಕಾಂ. ಇದೆಲ್ಲ ಮುಗಿಯುವ ಹೊತ್ತಿಗೆ ಒಂದೂವರೆ ಗಂಟೆ. ಜನರ ಕೈಗೆ ಮೈಕು ಬರುವಾಗ ಹಿಂದಿನ ಸಾಲಿನ ಹೆಂಗಸರು ಮಕ್ಕಳು ಶಾಲೆಯಿಂದ ಬರುವ ಹೊತ್ತಾಯಿತೆಂದು ಎದ್ದುಹೋಗಿರುತ್ತಾರೆ. ಇದನ್ನು ತಲೆಕೆಳಗು ಮಾಡಬೇಕು. ಮೊದಲ ಒಂದು ಗಂಟೆ ಜನರದು. ಇಲಾಖೆಯವರ ಮಾಹಿತಿ ಕರಪತ್ರದಲ್ಲಿ ಕೊಡಬಹುದು. ಜನರಿಗೆ ಅಧಿಕಾರಿಗಳಿಂದ ಬೇಕಾದದ್ದು ಭಾಷಣವಲ್ಲ, ಉತ್ತರ. ದಕ್ಷಿಣ ಕನ್ನಡ, ಉಡುಪಿ ಕಡೆ ಇಲಾಖಾಧಿಕಾರಿಗಳು ಬರಲಿಲ್ಲವೆಂದು ಜನ ಪಟ್ಟು ಹಿಡಿದು ಗ್ರಾಮಸಭೆಯನ್ನೇ ಮುಂದೂಡಿಸುವುದುಂಟು. ಪತ್ರಿಕೆಗಳು ಅದನ್ನು ಗದ್ದಲ ಎಂದು ಬರೆಯುತ್ತವೆ. ನನಗೆ ಅದು ಸಭೆ ಜೀವಂತವಾಗಿರುವ ಲಕ್ಷಣ.

ನಾಲ್ಕನೆಯದು, ಎಲ್ಲಕ್ಕಿಂತ ದೊಡ್ಡದು: ಉತ್ತರ. ಕಳೆದ ಸಭೆಯಲ್ಲಿ ಇಪ್ಪತ್ತು ಬೇಡಿಕೆ ಬಂದಿದ್ದವು ಎನ್ನಿ. ಎಷ್ಟು ಆಯಿತು, ಎಷ್ಟು ಆಗಲಿಲ್ಲ, ಏಕೆ ಆಗಲಿಲ್ಲ? ಇದಕ್ಕೆ ಅನುಪಾಲನಾ ವರದಿ ಎಂಬ ಹೆಸರಿದೆ. ಹೆಚ್ಚಿನ ಸಭೆಗಳಲ್ಲಿ ಅದನ್ನು ಎರಡು ನಿಮಿಷದಲ್ಲಿ ಮುಗಿಸುತ್ತಾರೆ, ಇಲ್ಲವೇ 'ಕ್ರಮ ಕೈಗೊಳ್ಳಲಾಗುವುದು' ಎಂಬ ಸಾಲು ಹಾಗೆಯೇ ಮುಂದಿನ ವರ್ಷಕ್ಕೆ ಹೋಗುತ್ತದೆ. ಜನ 'ಇಲ್ಲ' ಎಂಬ ಉತ್ತರಕ್ಕೆ ಸಿಟ್ಟಾಗುವುದಿಲ್ಲ, ಉತ್ತರವೇ ಇಲ್ಲದ್ದಕ್ಕೆ ಸಿಟ್ಟಾಗುತ್ತಾರೆ. 'ಈ ರಸ್ತೆ ಲೋಕೋಪಯೋಗಿ ಇಲಾಖೆಯದು, ಇಂಥ ತಾರೀಕಿಗೆ ಪತ್ರ ಬರೆದಿದ್ದೇವೆ, ಜವಾಬು ಬಂದಿಲ್ಲ, ಇದು ಪತ್ರದ ಪ್ರತಿ' ಎಂದು ಸದಸ್ಯರು ಎದ್ದು ನಿಂತು ಹೇಳಿದರೆ ಆ ಬೀದಿಯವರೇ ಮುಂದಿನ ಪತ್ರಕ್ಕೆ ಸಹಿ ಹಾಕಲು ಬರುತ್ತಾರೆ. ಹಾಗೆ ಹೇಳಬೇಕಾದರೆ ಆ ಪತ್ರದ ಪ್ರತಿ ಸದಸ್ಯರ ಕೈಯಲ್ಲಿರಬೇಕು. ಸದಸ್ಯರಿಗೆ ಕಾಗದ ಸಿಗದ ಊರಿನಲ್ಲಿ ಜನರಿಗೆ ಉತ್ತರ ಸಿಗುವುದು ಸಾಧ್ಯವೇ ಇಲ್ಲ.

ಇಷ್ಟೆಲ್ಲ ಕೊರತೆಯ ನಡುವೆಯೂ ಗ್ರಾಮಸಭೆ ಬಡವರಿಗೆ ಉಪಯೋಗಕ್ಕೆ ಬಂದಿದೆ. ಟಿಮೊತಿ ಬೆಸ್ಲಿ, ರೋಹಿಣಿ ಪಾಂಡೆ ಮತ್ತು ವಿಜಯೇಂದ್ರ ರಾವ್ ಕರ್ನಾಟಕವೂ ಸೇರಿದಂತೆ ದಕ್ಷಿಣದ ನಾಲ್ಕು ರಾಜ್ಯಗಳಲ್ಲಿ ಮಾಡಿ 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗ್ರಾಮಸಭೆ ನಡೆದ ಊರುಗಳಲ್ಲಿ ಅಕ್ಷರ ಬಾರದವರಿಗೆ, ಹಿಂದುಳಿದವರಿಗೆ ಬಿಪಿಎಲ್ ಕಾರ್ಡು ಸಿಗುವ ಸಾಧ್ಯತೆ ಹೆಚ್ಚಿತ್ತು. ಕಾರಣ ಊಹಿಸುವುದು ಕಷ್ಟವಲ್ಲ. ಹತ್ತು ಜನರ ಎದುರು ಪಟ್ಟಿ ಓದಿದಾಗ ಎರಡಂತಸ್ತಿನ ಮನೆಯವರ ಹೆಸರು ಬಂದರೆ ಯಾರಾದರೂ ಕೆಮ್ಮುತ್ತಾರೆ. ಮುಚ್ಚಿದ ಕೋಣೆಯಲ್ಲಿ ಕೆಮ್ಮುವವರಿರುವುದಿಲ್ಲ.

'ಪಂಚಾಯಿತಿಗೆ ಕೋಟಿ ಬರುತ್ತೆ, ಮೆಂಬರು ಮನಸ್ಸು ಮಾಡಿದರೆ ಏನೂ ಮಾಡಬಹುದು'

ಬರುವ ಹಣದಲ್ಲಿ ಬಹುಪಾಲು ಕೈಕಟ್ಟಿಯೇ ಬರುತ್ತದೆ. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಕೊಟ್ಟ ಅನುದಾನದಲ್ಲಿ ಶೇ 60 ಭಾಗ ನಿರ್ಬಂಧಿತವಾಗಿತ್ತು: ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಉಳಿದ ಶೇ 40ರಲ್ಲಿ ಮಾತ್ರ ಪಂಚಾಯಿತಿಗೆ ಆಯ್ಕೆ ಇತ್ತು, ಅದನ್ನೂ ಸಂಬಳಕ್ಕೆ ಬಳಸುವಂತಿರಲಿಲ್ಲ. ಸಂವಿಧಾನದ 11ನೇ ಅನುಸೂಚಿ ಪಂಚಾಯಿತಿಗಳ ಮುಂದೆ 29 ವಿಷಯ ಇಟ್ಟಿದೆ. ಅವುಗಳ ಹಣ ಮತ್ತು ಸಿಬ್ಬಂದಿ ಹೆಚ್ಚಾಗಿ ಇಲಾಖೆಗಳ ಬಳಿಯೇ ಉಳಿದಿವೆ. ಸದಸ್ಯರಿಗೆ ಸಿಗುವ ಗೌರವಧನ ತಿಂಗಳಿಗೆ ಒಂದೆರಡು ಸಾವಿರ ರೂಪಾಯಿಯ ಮಾತು. ಪಂಚಾಯಿತಿ ನಿಜಕ್ಕೂ ತನ್ನದೆಂದು ಹೇಳಬಹುದಾದ ಹಣ ಮನೆ ಕಂದಾಯ ಮತ್ತು ನೀರಿನ ಕರ. ಆ ಲೆಕ್ಕವನ್ನು ಊರಿನ ಗೋಡೆಯ ಮೇಲೆ ಬರೆಸಿದರೆ, ಸದಸ್ಯರ ಮೇಲಿನ ಅರ್ಧ ಅನುಮಾನ ಕಡಿಮೆಯಾಗುತ್ತದೆ, ಕಂದಾಯವೂ ಸ್ವಲ್ಪ ಬೇಗ ಬರುತ್ತದೆ.

'ಈಗ ಎಲ್ಲಾ ಆನ್‌ಲೈನ್, ಜನರಿಗೆ ಎಲ್ಲಾ ಗೊತ್ತಾಗುತ್ತೆ'

ಪಂಚತಂತ್ರ, ಇ-ಸ್ವತ್ತು ಎಂಬ ಪಂಚಾಯಿತಿ ತಂತ್ರಾಂಶಗಳು ಒಳ್ಳೆಯ ಕೆಲಸ ಮಾಡಿವೆ, ದಾಖಲೆ ತಿದ್ದುವುದು ಕಷ್ಟವಾಗಿದೆ. ಆದರೆ ಪರದೆಯ ಮೇಲೆ ಮಾಹಿತಿ ಇರುವುದೇ ಬೇರೆ, ಅದು ಊರಿಗೆ ಅರ್ಥವಾಗುವುದೇ ಬೇರೆ. ಕಾಮಗಾರಿ ಸಂಖ್ಯೆ, ಲೆಕ್ಕ ಶೀರ್ಷಿಕೆ ನೋಡಿ ಯಾವ ಬೀದಿಯೆಂದು ಯಾರು ಗುರುತಿಸುತ್ತಾರೆ? ವಾಟ್ಸ್ಆ್ಯಪ್ ಗುಂಪೂ ಅಷ್ಟೆ. ಸ್ಮಾರ್ಟ್‌ಫೋನ್ ಇಲ್ಲದ ಮನೆ ಅಲ್ಲಿ ಇಲ್ಲ. ಆನ್‌ಲೈನ್ ಸಭೆಗೆ ಪೂರಕವಾಗಲಿ, ಸಭೆಯ ಜಾಗಕ್ಕೆ ಬರುವುದು ಬೇಡ.

'ಸಭೆಯಲ್ಲಿ ಪ್ರಶ್ನೆ ಕೇಳುವವರು ಅಭಿವೃದ್ಧಿಗೆ ಅಡ್ಡಗಾಲು'

ಪ್ರಶ್ನೆ ಕೇಳುವುದು ಕಾಯ್ದೆಯೇ ಕೊಟ್ಟ ಕೆಲಸ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ಪಂಚಾಯಿತಿಯಲ್ಲಿ ಜಮಾಬಂದಿ ನಡೆಯಬೇಕು: ಹಿಂದಿನ ಸಾಲಿನ ಲೆಕ್ಕಪತ್ರ ಜನರ ಮುಂದಿಟ್ಟು, ಮಾಡಿದ ಕಾಮಗಾರಿಯನ್ನು ಸ್ಥಳಕ್ಕೆ ಹೋಗಿ ಅಳೆದು ನೋಡುವ ಕ್ರಮ. 2005ರ ಉದ್ಯೋಗ ಖಾತರಿ ಕಾಯ್ದೆ ಕೂಡ ಸಾಮಾಜಿಕ ಪರಿಶೋಧನೆಯನ್ನು ಗ್ರಾಮಸಭೆಯ ಕೈಗೇ ಕೊಟ್ಟಿತು. ಪ್ರಾಮಾಣಿಕ ಸದಸ್ಯರಿಗೆ ಇದು ರಕ್ಷೆ. ಊರವರ ಎದುರು ಅಳೆದು ಒಪ್ಪಿದ ಕೆಲಸದ ಮೇಲೆ ಆಮೇಲೆ ಯಾರೂ ಬೆರಳು ತೋರಿಸಲಾರರು. ಪ್ರಶ್ನೆ ಕೇಳಿದವರನ್ನು ಮುಂದಿನ ಸಭೆಗೆ ವಿರೋಧ ಪಕ್ಷದವರಂತೆ ನೋಡುವುದನ್ನು ನಿಲ್ಲಿಸಬೇಕು. ಗ್ರಾಮ ಪಂಚಾಯಿತಿ ಚುನಾವಣೆಯೇ ಪಕ್ಷದ ಚಿಹ್ನೆ ಇಲ್ಲದೆ ನಡೆಯುವಂಥದ್ದು.

'ಮಕ್ಕಳ ಗ್ರಾಮಸಭೆ ಒಂದು ಶಾಲಾ ಕಾರ್ಯಕ್ರಮ'

ಕುಂದಾಪುರ ಭಾಗದಲ್ಲಿ ಮಕ್ಕಳ ಪಂಚಾಯಿತಿಗಳ ಪ್ರಯೋಗವಾಗಿ ಬೆಳೆದು, ನಂತರ ಇಡೀ ರಾಜ್ಯಕ್ಕೆ ಹಬ್ಬಿದ ಈ ಸಭೆಯನ್ನು ಹಲವರು ನವೆಂಬರ್ ತಿಂಗಳ ಒಂದು ಸಮಾರಂಭವೆಂದೇ ತಿಳಿದಿದ್ದಾರೆ. ಆದರೆ ಮಕ್ಕಳು ಅಲ್ಲಿ ಕೇಳುವುದನ್ನು ಗಮನಿಸಿ. ಮಳೆಗಾಲದಲ್ಲಿ ಹಳ್ಳ ದಾಟಲು ಕಾಲುಸಂಕ ಬೇಕು. ಶಾಲೆಯ ಶೌಚಾಲಯಕ್ಕೆ ಬಾಗಿಲು, ನೀರು ಬೇಕು. ಬಸ್ಸು ಅರ್ಧ ಗಂಟೆ ಮೊದಲು ಬರಬೇಕು. ಶಾಲೆಯ ಹತ್ತಿರದ ಅಂಗಡಿಯಲ್ಲಿ ಗುಟ್ಕಾ ಮಾರಬಾರದು. ದೊಡ್ಡವರ ಸಭೆಯಲ್ಲಿ ಬರುವ ಬೇಡಿಕೆಗಳಿಗಿಂತ ಇವು ಎಷ್ಟೋ ಪಾಲು ಖಚಿತ. ಮಕ್ಕಳು ಮತ ಹಾಕುವುದಿಲ್ಲ ಎಂಬ ಕಾರಣಕ್ಕೆ ಈ ನಡಾವಳಿಯನ್ನು ಕಡತದಲ್ಲಿ ಮುಚ್ಚಿಟ್ಟರೆ, ಕೇಳಿದರೂ ಏನೂ ಆಗುವುದಿಲ್ಲ ಎಂಬ ಪಾಠವನ್ನು ಹದಿಮೂರನೇ ವಯಸ್ಸಿಗೇ ಕಲಿಸಿದಂತಾಗುತ್ತದೆ. ಮುಂದೆ ಅದೇ ಮಕ್ಕಳು ಗ್ರಾಮಸಭೆಗೆ ಬರುವುದಿಲ್ಲ ಎಂದು ದೂರುವ ಹಕ್ಕು ಆ ಪಂಚಾಯಿತಿಗೆ ಉಳಿಯುವುದಿಲ್ಲ.

'ಇದೆಲ್ಲ ಸರ್ಕಾರ ಮಾಡಬೇಕು, ನಮ್ಮಿಂದ ಏನಾಗುತ್ತೆ?'

ಸರ್ಕಾರ ಮಾಡಬೇಕಾದದ್ದು ಬಹಳಷ್ಟಿದೆ, ಅದನ್ನು ಕೇಳುತ್ತಲೇ ಇರೋಣ. ಆದರೆ ಒಂದು ಕೆಲಸ ಈ ವಾರವೇ ಆಗುತ್ತದೆ. ನಿಮ್ಮ ಪಂಚಾಯಿತಿಗೆ ಹೋಗಿ, ಕಳೆದ ಗ್ರಾಮಸಭೆಯ ನಡಾವಳಿಯ ಪ್ರತಿಯನ್ನೂ ಅನುಪಾಲನಾ ವರದಿಯನ್ನೂ ಕೇಳಿ. ಕೇಳಿದ ಕೂಡಲೇ ಕೊಡುವ ಪಿಡಿಒಗಳು ಬೇಕಾದಷ್ಟು ಜನ ಇದ್ದಾರೆ. ಕೊಡದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದ ಅರ್ಜಿ ಸಾಕು, 30 ದಿನದೊಳಗೆ ಉತ್ತರ ಬರಬೇಕು. ಸಿಕ್ಕ ಪ್ರತಿಯನ್ನು ಎರಡು ಜೆರಾಕ್ಸ್ ಮಾಡಿಸಿ. ಒಂದು ನಿಮಗೆ. ಇನ್ನೊಂದನ್ನು ನಿಮ್ಮ ವಾರ್ಡಿನ ಸದಸ್ಯರ ಮನೆಗೆ ತೆಗೆದುಕೊಂಡು ಹೋಗಿ ಕೊಡಿ, ಮುಂದಿನ ಸಭೆಗೆ ಮೊದಲು ಇಬ್ಬರೂ ಕೂತು ಓದಿ.